ಆರ್‌ನಲ್ಲಿ ಮೊದಲ ಗ್ರಾಫ್: ಕರ್ನಾಟಕದ ಜನಸಂಖ್ಯೆ, ಕನ್ನಡ ಅಕ್ಷರಗಳಲ್ಲಿ

ಅಕ್ಕ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಾಳೆ. ತರಗತಿಯ ಗೋಡೆಗೆ ಹಾಕಲು ಕರ್ನಾಟಕದ ಜನಸಂಖ್ಯೆಯ ಗ್ರಾಫ್ ಬೇಕು, ಎ3 ಕಾಗದದಲ್ಲಿ, ಒಂದೂ ಇಂಗ್ಲಿಷ್ ಅಕ್ಷರ ಇರಬಾರದು ಎಂದಳು. ಎಕ್ಸೆಲ್‌ನಲ್ಲೂ ಆಗುವ ಕೆಲಸವೇ. ಆದರೆ ಎಕ್ಸೆಲ್‌ನಲ್ಲಿ ಗ್ರಾಫ್ ಮಾಡಿ ಆರು ತಿಂಗಳು ಬಿಟ್ಟು ತೆರೆದರೆ, ಯಾವ ಮೆನುವಿನೊಳಗೆ ಹೋಗಿ ಏನು ಒತ್ತಿದ್ದೆ ಅನ್ನೋದು ನೆನಪಿರುವುದಿಲ್ಲ. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಾಫ್ ಅಂದರೆ ಬರೆದಿಟ್ಟ ಕೆಲವು ಸಾಲುಗಳು, ಅಷ್ಟೇ. ಆ ಫೈಲು ಇದ್ದರೆ ಸಾಕು, ಗ್ರಾಫನ್ನು ಯಾವಾಗ ಬೇಕಾದರೂ ಮತ್ತೆ ಹೊರಡಿಸಬಹುದು. ಆರ್ ಕಲಿಯಲು ನನಗೂ ಒಂದು ನೆಪ ಬೇಕಿತ್ತು.

ಓದುವ ಮುಂಚೆ ಒಂದು ವಿಷಯ. ಇಲ್ಲಿ ಆಜ್ಞೆಗಳನ್ನೆಲ್ಲ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಪ್ಲಾಟ್, ಆಕ್ಸಿಸ್, ಟೆಕ್ಸ್ಟ್ ಮುಂತಾದುವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹೊಡೆಯಬೇಕು. ಆರ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ವರ್ಷ, ಜನ, ಲಕ್ಷ ಅನ್ನೋವು ನಾನಿಟ್ಟ ಹೆಸರುಗಳು. ಅವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಇಟ್ಟುಕೊಳ್ಳಿ, ತಲೆನೋವು ಕಡಿಮೆ.

ಹೊಂದಿಸಿಕೊಂಡಿದ್ದು

ಆರ್ ಹುಟ್ಟಿದ್ದು ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ, 1990ರ ದಶಕದ ಶುರುವಿನಲ್ಲಿ. ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಎಂಬ ಇಬ್ಬರು, ಬೆಲ್ ಲ್ಯಾಬ್ಸ್‌ನಲ್ಲಿ ಮೊದಲೇ ಬಂದಿದ್ದ ಎಸ್ ಭಾಷೆಯ ಜಾಡಿನಲ್ಲಿ ಇದನ್ನು ಕಟ್ಟಿದರು. 1.0.0 ಆವೃತ್ತಿ ಬಂದಿದ್ದು 2000ದ ಫೆಬ್ರವರಿ 29ರಂದು. ದುಡ್ಡು ಕೊಡಬೇಕಾಗಿಲ್ಲ. ಕ್ರಾನ್ ಎಂಬ ಅದರ ಅಧಿಕೃತ ಭಂಡಾರದಿಂದ ಇಳಿಸಿಕೊಂಡು ಹಾಕಿಕೊಳ್ಳುವುದು. ಅದರ ಮೇಲೆ ಆರ್‌ಸ್ಟುಡಿಯೋ ಹಾಕಿದರೆ ಬರೆಯುವ ಜಾಗ, ಚಿತ್ರ ಬರುವ ಜಾಗ ಎಲ್ಲ ಒಂದೇ ಕಿಟಕಿಯಲ್ಲಿ ಸಿಗುತ್ತದೆ.

ಎಲ್ಲ ಸರಿಯಾಗಿ ಕೂತಿದೆಯಾ ಅಂತ ನೋಡಲು ಒಂದು ಸಾಲು ಸಾಕು:

ಇಮೇಜ್(ವಾಲ್ಕೇನೋ)

ಆರ್ ಜೊತೆಗೇ ಬರುವ ದತ್ತಾಂಶ ಇದು. ಆಕ್ಲೆಂಡ್ ಊರಿನೊಳಗೇ ಇರುವ ಮೌಂಟ್ ಈಡನ್ ಎಂಬ ಆರಿದ ಜ್ವಾಲಾಮುಖಿಯ ಎತ್ತರಗಳು. 10 ಮೀಟರಿಗೊಂದು ಅಳತೆ, 87 ಸಾಲು, 61 ಕಂಬ. ಆಜ್ಞೆ ಒತ್ತಿದ ಕೂಡಲೇ ತಿಳಿ ಹಳದಿಯಿಂದ ಕಡು ಕೆಂಪಿನವರೆಗೆ ಗುಡ್ಡದ ರೂಪ ಮೂಡುತ್ತದೆ, ನಡುವೆ ಬಾಯಿಯ ಕುಳಿ ಸಮೇತ. ಭಾಷೆ ಹುಟ್ಟಿದ ಊರಿನ ಗುಡ್ಡವನ್ನೇ ಮೊದಲು ಬರೆದ ಹಾಗಾಯಿತು. ಖುಷಿಯ ವಿಷಯ ಅಲ್ವಾ?

ಚಿತ್ರದ ಬದಲು "ಫಿಗರ್ ಮಾರ್ಜಿನ್ಸ್ ಟೂ ಲಾರ್ಜ್" ಎಂದು ಬಂದರೆ ಗಾಬರಿ ಬೇಡ. ಆರ್‌ಸ್ಟುಡಿಯೋದಲ್ಲಿ ಚಿತ್ರ ಬರುವ ಚೌಕ ತೀರಾ ಚಿಕ್ಕದಾಗಿದೆ ಅಂತ ಅರ್ಥ. ಅಂಚನ್ನು ಹಿಡಿದು ಎಳೆದು ದೊಡ್ಡದು ಮಾಡಿ, ಮತ್ತೆ ಒತ್ತಿ. ಇನ್ನು ಪರದೆಯಲ್ಲಿ ಬಾಣದ ಗುರುತಿನ ಬದಲು ಕೂಡುವ ಗುರುತು ಬಂದು ಕೂತಿದ್ದರೆ, ಎಲ್ಲೋ ಆವರಣ ಚಿಹ್ನೆಯನ್ನೋ ಉದ್ಧರಣ ಚಿಹ್ನೆಯನ್ನೋ ಮುಚ್ಚಿಲ್ಲ. ಎಸ್ಕೇಪ್ ಒತ್ತಿ ಹೊರಗೆ ಬನ್ನಿ.

ಸಂಖ್ಯೆಗಳು

ಮೊದಲ ಗ್ರಾಫಿಗೆ ದೊಡ್ಡ ಫೈಲು ಬೇಡವೇ ಬೇಡ. ಕೈಯಲ್ಲಿ ಹೊಡೆಯುವಷ್ಟು ಸಂಖ್ಯೆ ಇದ್ದರೆ, ಅವು ನಮಗೆ ಗೊತ್ತಿರುವ ವಿಷಯದ್ದಾದರೆ, ಗ್ರಾಫ್ ತಪ್ಪು ಹೇಳಿದಾಗ ಕಣ್ಣಿಗೆ ಬೀಳುತ್ತದೆ. ಜನಗಣತಿಯ ಅಂಕಿಗಳು ಹಾಗೇ ಇವೆ:

ವರ್ಷ <- ಸಿ(1951, 1961, 1971, 1981, 1991, 2001, 2011)
ಜನ <- ಸಿ(19401956, 23586772, 29299014, 37135714, 44977201, 52850562, 61095297)

ಸಿ ಎಂಬ ಒಂದಕ್ಷರದ ಆಜ್ಞೆ ಸಂಖ್ಯೆಗಳನ್ನು ಒಟ್ಟು ಸೇರಿಸಿ ಒಂದು ಸಾಲು ಮಾಡುತ್ತದೆ. ಕಡಿಮೆ ಗುರುತು ಮತ್ತು ಅಡ್ಡಗೆರೆ ಸೇರಿದ ಬಾಣ, ಆ ಸಾಲನ್ನು ಎಡಗಡೆಯ ಹೆಸರಿನಲ್ಲಿ ಇಡುತ್ತದೆ.

ಇಲ್ಲಿ ನಮ್ಮವರಿಗೇ ಮೀಸಲಾದ ಒಂದು ಗುಂಡಿ ಇದೆ. ಜನಗಣತಿಯ ಪಟ್ಟಿಯಲ್ಲಿ 2011ರ ಸಂಖ್ಯೆ 6,10,95,297 ಎಂದಿರುತ್ತದೆ. ಅದನ್ನು ಹಾಗೇ ನಕಲು ಮಾಡಿ ಹಾಕಿದರೆ ಆರ್ ಬಯ್ಯುವುದಿಲ್ಲ. ಆರು, ಹತ್ತು, ತೊಂಬತ್ತೈದು, ಇನ್ನೂರ ತೊಂಬತ್ತೇಳು ಎಂದು ನಾಲ್ಕು ಬೇರೆ ಬೇರೆ ಸಂಖ್ಯೆ ಎಂದುಕೊಂಡು ಸುಮ್ನೆ ಒಳಗೆ ಹಾಕಿಕೊಳ್ಳುತ್ತದೆ. ಏಳು ಸಂಖ್ಯೆ ಇರಬೇಕಾದ ಕಡೆ 28 ಆಗುತ್ತವೆ. ಗೊತ್ತಾಗುವುದು ಗ್ರಾಫ್ ಬರೆಯಲು ಹೋದಾಗ: ಎರಡು ಸಾಲುಗಳ ಉದ್ದ ಒಂದೇ ಇಲ್ಲ ಎಂಬ ದೂರು ಬರುತ್ತದೆ. ಅದಕ್ಕೇ ಸಂಖ್ಯೆ ಹಾಕಿದ ಮೇಲೆ ಲೆಂತ್(ಜನ) ಎಂದು ಒಮ್ಮೆ ಕೇಳಿಬಿಡುವುದು ಒಳ್ಳೆಯದು. 7 ಎಂದು ಉತ್ತರ ಬಂದರೆ ಮುಂದೆ ಹೋಗಿ.

1951ರ ಬಗ್ಗೆಯೂ ಒಂದು ಮಾತು. ರಾಜ್ಯ ಒಂದಾಗಿದ್ದು 1956ರ ನವೆಂಬರ್ 1ರಂದು. ಹಾಗಾದರೆ 1951ಕ್ಕೆ ಯಾವ ಕರ್ನಾಟಕ? ಪಟ್ಟಿಯಲ್ಲಿರುವ 1,94,01,956 ಎಂಬುದು ಈಗಿನ ಗಡಿಗೆ ಹೊಂದಿಸಿ ತೆಗೆದ ಲೆಕ್ಕ. ಗ್ರಾಫಿನ ಕೆಳಗೆ ಇದನ್ನು ಸಣ್ಣಕ್ಷರದಲ್ಲಿ ಬರೆಯಲೇಬೇಕು. ಹೈಸ್ಕೂಲಿನ ಹುಡುಗರು ಕೇಳೇ ಕೇಳುತ್ತಾರೆ. 2021ರ ಜನಗಣತಿ ನಡೆಯಲೇ ಇಲ್ಲವಾದ್ದರಿಂದ ಸಾಲು 2011ಕ್ಕೆ ನಿಲ್ಲುತ್ತದೆ.

ಮೊದಲ ಚಿತ್ರ

ಪ್ಲಾಟ್(ವರ್ಷ, ಜನ)

ಏಳು ಟೊಳ್ಳು ಸೊನ್ನೆಗಳು ಎಡದಿಂದ ಬಲಕ್ಕೆ ಏರುತ್ತಾ ಹೋಗಿರುತ್ತವೆ. ಇಷ್ಟೇ ಇದ್ದರೂ ಕೆಲಸದ್ದೇ. ಯಾವುದಾದರೂ ಅಂಕಿ ತಪ್ಪಾಗಿ ಹೊಡೆದಿದ್ದರೆ ಒಂದು ಸೊನ್ನೆ ಸಾಲು ಬಿಟ್ಟು ಆಚೆ ಹೋಗಿರುತ್ತದೆ. ನನ್ನ ಮಟ್ಟಿಗೆ ಆರ್‌ನ ನಿಜವಾದ ಉಪಯೋಗ ಇಲ್ಲೇ ಇದೆ. ಅಂದ ಆಮೇಲೆ, ಮೊದಲು ಒರಟಾಗಿ ಬರೆದು ನೋಡುವುದು.

ಈಗ ಹತ್ತಿರದಿಂದ ನೋಡಿ. ಎಡಗಡೆಯ ನಿಂತ ಗೆರೆಯಲ್ಲಿ 2ಇ+07, 3ಇ+07 ಎಂದೆಲ್ಲ ಬಂದಿದೆ. ಎರಡರ ಮುಂದೆ ಏಳು ಸೊನ್ನೆ ಎಂದು ಅದರ ಅರ್ಥ, ಅಂದರೆ ಎರಡು ಕೋಟಿ. ಪೂರ್ತಿ ಬರೆದರೆ ಉದ್ದವಾಗುತ್ತದೆ ಅನ್ನಿಸಿದರೆ ಆರ್ ಹೀಗೆ ಮಾಡುತ್ತದೆ. ಇದನ್ನು ತಡೆಯಲು ಆಪ್ಷನ್ಸ್ ಎಂಬ ಆಜ್ಞೆಯೊಳಗೆ ಸೈಪೆನ್ ಅನ್ನು 999 ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಹಾಗೆ ಮಾಡಿದರೆ 20000000 ಎಂದು ಬರುತ್ತದೆ. ಅದನ್ನು ಯಾರು ಎಣಿಸುತ್ತಾ ಕೂರುತ್ತಾರೆ? ಅಲ್ಪವಿರಾಮ ಹಾಕಿಸೋಣ ಎಂದರೆ ಫಾರ್ಮ್ಯಾಟ್ ಆಜ್ಞೆ ಮೂರು ಮೂರು ಅಂಕಿಗೆ ಹಾಕುತ್ತದೆ: 61,095,297. ನಮ್ಮ ಲಕ್ಷ, ಕೋಟಿಯ ಕ್ರಮ ಅದಕ್ಕೆ ತಾನಾಗಿ ಬರುವುದಿಲ್ಲ.

ಉಪಾಯ ಬಹಳ ಸುಲಭ. ಲಕ್ಷಕ್ಕೆ ಇಳಿಸಿಬಿಡುವುದು:

ಲಕ್ಷ <- ಜನ / 100000

ಈಗ ಸಂಖ್ಯೆಗಳು 194, 236, 293, 371, 450, 529, 611ರ ಹತ್ತಿರ. ಮಕ್ಕಳು ಬಾಯಲ್ಲಿ ಹೇಳಬಹುದಾದ ಸಂಖ್ಯೆ. ಏಳು ಸಂಖ್ಯೆಯನ್ನೂ ಒಂದೇ ಸಲ ಭಾಗಿಸಿತು, ನೋಡಿದಿರಾ? ಒಂದೊಂದಾಗಿ ಹೇಳಬೇಕಾಗಿಲ್ಲ. ಆರ್‌ನಲ್ಲಿ ಎಲ್ಲವೂ ಹೀಗೆ ಸಾಲುಸಾಲಾಗಿಯೇ ನಡೆಯುತ್ತದೆ.

ಎರಡನೇ ತೊಡಕು ಅಡ್ಡ ಗೆರೆಯಲ್ಲಿದೆ. ಅಲ್ಲಿ 1950, 1960, 1970 ಎಂದು ಗುರುತು ಹಾಕಿದೆ. ನಮ್ಮ ಜನಗಣತಿ ನಡೆದಿದ್ದು 1951, 1961ರಲ್ಲಿ. ಹಾಗಾಗಿ ಪ್ರತಿ ಚುಕ್ಕೆಯೂ ಗುರುತಿನಿಂದ ಕೂದಲೆಳೆಯಷ್ಟು ಬಲಕ್ಕೆ ನಿಂತಿದೆ. ಆರ್ ತನಗೆ ಚೆಂದ ಕಂಡ ದುಂಡು ಸಂಖ್ಯೆಗಳನ್ನು ಆರಿಸಿಕೊಂಡಿದೆ. ಗೋಡೆಯ ಮೇಲಿನ ಚಿತ್ರದಲ್ಲಿ ಇದು ಎದ್ದು ಕಾಣುತ್ತದೆ. ಅದಕ್ಕೆ ಅಡ್ಡ ಗೆರೆ ಬರೆಯಬೇಡ ಎಂದು ಹೇಳಿ, ಆಮೇಲೆ ನಾವೇ ಬರೆಯುವುದು:

ಪ್ಲಾಟ್(ವರ್ಷ, ಲಕ್ಷ, ಟೈಪ್ = "ಬಿ", ಪಿಸಿಎಚ್ = 19, ಎಲ್‌ಡಬ್ಲ್ಯೂಡಿ = 2, ಎಕ್ಸ್‌ಎಎಕ್ಸ್‌ಟಿ = "ಎನ್", ಎಲ್‌ಎಎಸ್ = 1, ವೈಲಿಮ್ = ಸಿ(0, 700))
ಆಕ್ಸಿಸ್(1, ಅಟ್ = ವರ್ಷ)

ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ. ಟೈಪ್ "ಬಿ" ಅಂದರೆ ಚುಕ್ಕೆಯೂ ಬೇಕು, ಗೆರೆಯೂ ಬೇಕು. ಅಡ್ಡ ಗೆರೆ ಬೇಡ ಎಂದು ಹೇಳುವುದು ಎಕ್ಸ್‌ಎಎಕ್ಸ್‌ಟಿ "ಎನ್". ಪಿಸಿಎಚ್ ಚುಕ್ಕೆಯ ಆಕಾರ, 19 ತುಂಬಿದ ದುಂಡು. ಎಲ್‌ಡಬ್ಲ್ಯೂಡಿ ಗೆರೆಯ ದಪ್ಪ. ಎಲ್‌ಎಎಸ್ 1 ಮಾಡಿದರೆ ಗೆರೆಗಳ ಪಕ್ಕದ ಅಂಕಿಗಳು ಮಲಗದೆ ನೇರವಾಗಿ ನಿಲ್ಲುತ್ತವೆ. ಇದು ಮೊದಲಿನಿಂದಲೇ ಹಾಗೆ ಯಾಕಿಲ್ಲ ಅನ್ನೋದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕತ್ತು ಓರೆ ಮಾಡಿ ಅಂಕಿ ಓದುವುದು ಯಾರಿಗೆ ಇಷ್ಟ? ಆಕ್ಸಿಸ್‌ನೊಳಗಿನ 1 ಅಂದರೆ ಕೆಳಗಡೆ. 2 ಎಡ, 3 ಮೇಲೆ, 4 ಬಲ. ಕೆಳಗಿನಿಂದ ಗಡಿಯಾರದ ದಿಕ್ಕಿಗೆ ಎಣಿಸಿಕೊಂಡು ಹೋದರಾಯಿತು.

ವೈಲಿಮ್ ಯಾಕೆ ಹಾಕಿದ್ದು ಅಂದರೆ, ಹೇಳದೇ ಬಿಟ್ಟರೆ ನಿಂತ ಗೆರೆ ಇನ್ನೂರರ ಆಸುಪಾಸಿನಲ್ಲಿ ಶುರುವಾಗುತ್ತದೆ. 1951ರ ಚುಕ್ಕೆ ನೆಲಕ್ಕೆ ಅಂಟಿದ ಹಾಗೆ, ಆಗ ಜನರೇ ಇರಲಿಲ್ಲವೇನೋ ಅನ್ನುವ ಹಾಗೆ ಕಾಣುತ್ತದೆ. ಗೆರೆಯ ಗ್ರಾಫ್ ಯಾವಾಗಲೂ ಸೊನ್ನೆಯಿಂದಲೇ ಶುರುವಾಗಬೇಕು ಅಂತೇನಿಲ್ಲ. ಆದರೆ ಮಕ್ಕಳ ಗೋಡೆಗೆ ಹಾಕುವಾಗ ಸೊನ್ನೆ ಇರಲಿ. ಸೊನ್ನೆ ಹೇಳಿದರೂ ಆರ್ ಅದರ ಕೆಳಗೆ ಶೇ 4ರಷ್ಟು ಜಾಗ ಬಿಡುತ್ತದೆ. ಅದೂ ಬೇಡ ಅಂದರೆ ವೈಎಎಕ್ಸ್‌ಎಸ್ = "ಐ" ಎಂದು ಸೇರಿಸಬೇಕು.

ಚುಕ್ಕೆಗಳ ಪಕ್ಕ ಸಂಖ್ಯೆ ಬರೆಯಲು ಟೆಕ್ಸ್ಟ್ ಆಜ್ಞೆ:

ಟೆಕ್ಸ್ಟ್(ವರ್ಷ, ಲಕ್ಷ, ರೌಂಡ್(ಲಕ್ಷ), ಪಾಸ್ = 2)

ಪಾಸ್ 3 ಎಂದು ಹಾಕಿ ಚುಕ್ಕೆಯ ನೆತ್ತಿಯ ಮೇಲೆ ಬರೆಯುವುದು ರೂಢಿ. ಇಲ್ಲಿ ಅದು ಸರಿಹೋಗುವುದಿಲ್ಲ. ಗೆರೆ ಮೇಲಕ್ಕೇರುತ್ತಾ ಹೋಗುವುದರಿಂದ ಸಂಖ್ಯೆಯ ಬಲ ತುದಿಗೆ ಮುಂದಿನ ಗೆರೆ ತಾಗುತ್ತದೆ. ಏರುವ ಗೆರೆಗೆ ಖಾಲಿ ಇರುವುದು ಎಡಗಡೆಯ ಮೇಲ್ಭಾಗ. ಅದಕ್ಕೇ ಪಾಸ್ 2, ಅಂದರೆ ಎಡಕ್ಕೆ. ಆಗ 1951ರ ಸಂಖ್ಯೆ ನಿಂತ ಗೆರೆಗೆ ಡಿಕ್ಕಿ ಹೊಡೆಯುತ್ತದೆ. ಎಕ್ಸ್‌ಲಿಮ್ ಅನ್ನು 1945ರಿಂದ ಶುರುಮಾಡಿದರೆ ಉಸಿರಾಡಲು ಜಾಗ ಸಿಗುತ್ತದೆ.

ಬಣ್ಣದ ವಿಷಯ ಜಾಸ್ತಿ ಹೇಳುವುದಿಲ್ಲ. ಆರ್‌ಗೆ ಹೆಸರಿನಿಂದಲೇ ಗೊತ್ತಿರುವ ಬಣ್ಣ 657 ಇವೆ. ಒಂದನ್ನು ಆರಿಸಿಕೊಂಡು ಸುಮ್ಮನಿರಿ.

"ಇದು ಬರೀ ಮೇಲಕ್ಕೆ ಹೋಗೋ ಗೆರೆ ಕಣೋ"

ಇಷ್ಟು ಮಾಡಿ ಅಕ್ಕನಿಗೆ ಕಳಿಸಿದೆ. ಉತ್ತರ ಬಂತು: "ಚೆನ್ನಾಗಿದೆ. ಆದರೆ ಇದು ಬರೀ ಮೇಲಕ್ಕೆ ಹೋಗೋ ಗೆರೆ ಕಣೋ. ಜನ ಜಾಸ್ತಿ ಆದ್ರು ಅಂತ ಗ್ರಾಫ್ ಇಲ್ಲದೇನೂ ಹೇಳ್ತೀನಿ. ಇದರಲ್ಲಿ ಮಕ್ಕಳಿಗೆ ಕೇಳೋಕೆ ಒಂದು ಪ್ರಶ್ನೆ ಇದೆಯಾ?"

ಸರಿಯಾದ ಮಾತು. ಎಷ್ಟು ಜನ ಇದ್ದಾರೆ ಅನ್ನೋದಕ್ಕಿಂತ ಎಷ್ಟು ವೇಗವಾಗಿ ಬೆಳೆದರು ಅನ್ನೋದರಲ್ಲಿ ಕಥೆ ಇರಬೇಕು. ಅದಕ್ಕೂ ಒಂದೇ ಸಾಲು:

ಏರಿಕೆ <- ಡಿಫ್(ಜನ) / ಹೆಡ್(ಜನ, -1) * 100

ಡಿಫ್ ಪ್ರತಿ ಸಂಖ್ಯೆಯಿಂದ ಅದರ ಹಿಂದಿನದನ್ನು ಕಳೆಯುತ್ತದೆ. ಏಳು ಸಂಖ್ಯೆಗೆ ಆರು ವ್ಯತ್ಯಾಸ. ಹೆಡ್‌ಗೆ -1 ಕೊಟ್ಟರೆ ಕೊನೆಯದೊಂದನ್ನು ಬಿಟ್ಟು ಉಳಿದದ್ದು ಸಿಗುತ್ತದೆ, ಅವೂ ಆರು. ಭಾಗಿಸಿ ನೂರರಿಂದ ಗುಣಿಸಿದರೆ ಹತ್ತು ವರ್ಷಕ್ಕೆ ಶೇಕಡಾ ಎಷ್ಟು ಏರಿಕೆ ಎಂದು ಬರುತ್ತದೆ: 21.6, 24.2, 26.7, 21.1, 17.5, 15.6.

ಈಗ ನೋಡಿ. ಒಂದೇ ಸಮ ಏರುವ ಗೆರೆಯೊಳಗೆ ಒಂದು ದಿಬ್ಬ ಅಡಗಿತ್ತು. 1971ರಿಂದ 81ರವರೆಗಿನ ಹತ್ತು ವರ್ಷದಲ್ಲಿ ಏರಿಕೆ ತುತ್ತತುದಿಗೆ ಹೋಗಿ, ಅಲ್ಲಿಂದ ಪ್ರತಿ ದಶಕವೂ ಇಳಿದಿದೆ. ಜನ ಜಾಸ್ತಿ ಆಗುತ್ತಲೇ ಇದ್ದಾರೆ, ಆದರೆ ವೇಗ ತಗ್ಗಿದೆ. ಎರಡೂ ಒಟ್ಟಿಗೆ ನಿಜ ಹೇಗೆ ಅನ್ನೋದೇ ತರಗತಿಗೆ ಬೇಕಾದ ಪ್ರಶ್ನೆ.

ಇದಕ್ಕೆ ಕಂಬಗಳ ಗ್ರಾಫ್, ಅಂದರೆ ಬಾರ್‌ಪ್ಲಾಟ್. ಕಂಬಗಳು ತಾವಾಗಿಯೇ ಸೊನ್ನೆಯಿಂದ ಏಳುತ್ತವೆ, ಅದನ್ನು ಬದಲಾಯಿಸಲು ಹೋಗಬೇಡಿ. ಕಂಬದ ನೆತ್ತಿಯ ಮೇಲೆ ಸಂಖ್ಯೆ ಬರೆಯುವಾಗ ಮಾತ್ರ ಸ್ವಲ್ಪ ನಿಂತು ನೋಡಬೇಕು. ಆರು ಕಂಬ ಇವೆ, ಹಾಗಾಗಿ ಒಂದರಿಂದ ಆರರವರೆಗೆ ಎಂದು ಟೆಕ್ಸ್ಟ್‌ಗೆ ಹೇಳಿದರೆ, ಮೊದಲ ಸಂಖ್ಯೆ ಕಂಬದ ಬಲ ಅಂಚಿಗೆ ವಾಲುತ್ತದೆ, ಎರಡನೆಯದು ಹೆಚ್ಚೂ ಕಡಿಮೆ ಸರಿಯಾಗಿ ಕೂರುತ್ತದೆ, ಆಮೇಲಿನವು ಒಂದೊಂದಾಗಿ ಎಡಕ್ಕೆ ಜಾರುತ್ತಾ ಕೊನೆಗೆ ತಮ್ಮ ಕಂಬವನ್ನೇ ಬಿಟ್ಟು ಹೋಗುತ್ತವೆ. ಕಾರಣ ಇಷ್ಟೇ: ಕಂಬದ ಅಗಲ 1, ಕಂಬದಿಂದ ಕಂಬಕ್ಕೆ ಬಿಟ್ಟ ಜಾಗ 0.2. ಹಾಗಾಗಿ ಕಂಬಗಳ ನಡುಮಧ್ಯ ಇರುವುದು 0.7, 1.9, 3.1, 4.3, 5.5, 6.7ರಲ್ಲಿ. ಇದನ್ನು ನಾವು ಲೆಕ್ಕ ಹಾಕಬೇಕಾಗಿಲ್ಲ. ಬಾರ್‌ಪ್ಲಾಟ್ ಚಿತ್ರ ಬರೆದು ಈ ಮಧ್ಯಬಿಂದುಗಳನ್ನೂ ಕೈಗೆ ಕೊಡುತ್ತದೆ. ಹಿಡಿದಿಟ್ಟುಕೊಂಡರೆ ಸಾಕು:

ನಡು <- ಬಾರ್‌ಪ್ಲಾಟ್(ಏರಿಕೆ, ನೇಮ್ಸ್.ಆರ್ಗ್ = ದಶಕ, ಎಲ್‌ಎಎಸ್ = 1, ವೈಲಿಮ್ = ಸಿ(0, 30))
ಟೆಕ್ಸ್ಟ್(ನಡು, ಏರಿಕೆ, ರೌಂಡ್(ಏರಿಕೆ, 1), ಪಾಸ್ = 3)

ದಶಕ ಅನ್ನೋದು "1951-61", "1961-71" ಎಂಬ ಆರು ಹೆಸರುಗಳ ಸಾಲು. ಇವು ಕಂಬಗಳ ಕೆಳಗೆ ಬರುತ್ತವೆ. ಜಾಗ ಸಾಲದಿದ್ದರೆ ಆರ್ ಒಂದು ಬಿಟ್ಟು ಒಂದನ್ನು ನುಂಗಿಬಿಡುತ್ತದೆ, ಹೇಳುವುದೂ ಇಲ್ಲ. ಹೆಸರು ಕಾಣೆಯಾಗಿದ್ದರೆ ಸಂಖ್ಯೆ ತಪ್ಪಾಗಿದೆ ಎಂದುಕೊಳ್ಳಬೇಡಿ, ಸಿಇಎಕ್ಸ್.ನೇಮ್ಸ್ ಅನ್ನು 0.8ಕ್ಕೆ ಇಳಿಸಿ ನೋಡಿ.

ಇದೇ ವಿಷಯವನ್ನು ಗೆರೆಯಲ್ಲೂ ತೋರಿಸಬಹುದು. ಪ್ಲಾಟ್‌ಗೆ ಲಾಗ್ = "ವೈ" ಎಂದು ಸೇರಿಸಿದರೆ ನಿಂತ ಗೆರೆ ಲಾಗ್ ಅಳತೆಗೆ ತಿರುಗುತ್ತದೆ. ಆಗ ಒಂದೇ ದರದ ಬೆಳವಣಿಗೆ ನೇರ ಗೆರೆಯಾಗಿ ಕಾಣುತ್ತದೆ, ದರ ಇಳಿದರೆ ಗೆರೆ ಬಾಗುತ್ತದೆ. 1981ರ ನಂತರ ಬಾಗಿರುವುದು ಸ್ಪಷ್ಟ. ವೈಲಿಮ್‌ನಲ್ಲಿ ಸೊನ್ನೆ ಉಳಿದಿದ್ದರೆ ಮಾತ್ರ ಆರ್ ನಿಂತುಬಿಡುತ್ತದೆ, ಸೊನ್ನೆಗೆ ಲಾಗ್ ಇಲ್ಲವಲ್ಲ. ಹತ್ತನೇ ತರಗತಿಗೆ ಇದು ಭಾರ ಅನ್ನಿಸಿ ಕೈಬಿಟ್ಟೆ. ನನಗಂತೂ ಕಂಬಗಳೇ ಹೆಚ್ಚು ಇಷ್ಟವಾದವು.

ಕನ್ನಡ ಹಾಕುವ ಕೆಲಸ

ಇಲ್ಲಿಯವರೆಗಿನದು ಒಂದು ಸಂಜೆಯ ಕೆಲಸ. ಹೊತ್ತು ತಿಂದಿದ್ದು ಕನ್ನಡ.

ಶೀರ್ಷಿಕೆಗೆ ಮೇನ್ = "ಕರ್ನಾಟಕದ ಜನಸಂಖ್ಯೆ" ಎಂದು ಕೊಟ್ಟರೆ ಏನಾಗುತ್ತದೆ ಅನ್ನೋದು ನೀವು ಎಲ್ಲಿಗೆ ಬರೆಯಿಸುತ್ತಿದ್ದೀರಿ ಎಂಬುದರ ಮೇಲೆ ನಿಂತಿದೆ. ವಿಂಡೋಸ್‌ನಲ್ಲಿ ಹಳೆಯ ಆರ್ ಇದ್ದರೆ ಅಕ್ಷರದ ಬದಲು <ಯು+0ಸಿ95> ಎಂಬ ಸಂಕೇತಗಳ ಸಾಲು ಕಾಣಬಹುದು. 0ಸಿ95 ಅಂದರೆ ಯೂನಿಕೋಡ್‌ನಲ್ಲಿ ಕ. 2022ರಲ್ಲಿ ಬಂದ 4.2ರಿಂದ ವಿಂಡೋಸ್‌ನಲ್ಲೂ ಆರ್ ನೇರ ಯುಟಿಎಫ್-8ನಲ್ಲಿ, ಅಂದರೆ ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಕ್ರಮದಲ್ಲಿ, ನಡೆಯುತ್ತದೆ. ಹಾಗಾಗಿ ಮೊದಲು ಆರ್ ಅನ್ನು ಹೊಸದು ಮಾಡಿಕೊಳ್ಳಿ. ಅರ್ಧ ಕಾಯಿಲೆ ಅಲ್ಲೇ ವಾಸಿ.

ಪಿಡಿಎಫ್ ಎಂಬ ಮೂಲ ಆಜ್ಞೆಯಲ್ಲಿ ಉಳಿಸಿದರೆ ಅಕ್ಷರಗಳ ಜಾಗದಲ್ಲಿ ಚುಕ್ಕೆಗಳ ಸಾಲು ಬರುತ್ತದೆ, ಜೊತೆಗೆ ಅಕ್ಷರ ಬದಲಾಯಿಸಲು ಆಗಲಿಲ್ಲ ಎಂಬ ಎಚ್ಚರಿಕೆಗಳ ಮಳೆ. ಆ ಆಜ್ಞೆ ಹಳೆಯ ಕಾಲದ್ದು, ಒಂದು ಅಕ್ಷರಕ್ಕೆ ಒಂದು ಬೈಟ್ ಎಂಬ ಲೆಕ್ಕದ ಫಾಂಟ್‌ಗಳ ಮೇಲೆ ನಿಂತಿದೆ. ಕನ್ನಡದ ಒಂದು ಕ ಯುಟಿಎಫ್-8ನಲ್ಲಿ ಮೂರು ಬೈಟ್.

ಮೂರನೆಯ ಕಾಯಿಲೆ ಇವೆರಡಕ್ಕಿಂತ ನಯವಂಚಕ. ಅಕ್ಷರ ಬರುತ್ತದೆ, ಆದರೆ ಒತ್ತಕ್ಷರ ಮುರಿದಿರುತ್ತದೆ. ಅವಸರದಲ್ಲಿ ನೋಡಿದರೆ ಕನ್ನಡ ಬಂತು ಅನ್ನಿಸುತ್ತದೆ. ಶೀರ್ಷಿಕೆಯ ಎರಡು ಪದಗಳೇ ಇದಕ್ಕೆ ಒಳ್ಳೆಯ ಪರೀಕ್ಷೆ. "ಕರ್ನಾಟಕ" ಬರೆಸಿದಾಗ ಅರ್ಕಾವೊತ್ತು ನಾ ದಾಟಿ ಅದರ ಬಲಕ್ಕೆ ಕೂತಿರಬೇಕು. ರ ಮೇಲೆ ಹಲಂತದ ಕೊಂಡಿ ಹಾಕಿಕೊಂಡು ನಾ ಮುಂದೆ ಬೇರೆಯಾಗಿ ನಿಂತಿದ್ದರೆ ಸರಿಯಿಲ್ಲ. "ಜನಸಂಖ್ಯೆ"ಯಲ್ಲಿ ಯ ಒತ್ತಾಗಿ ಖ ಕೆಳಗೆ ಹೋಗಿರಬೇಕು, ಎತ್ವ ಖ ತಲೆಯ ಮೇಲೆ ಇರಬೇಕು. ಖ, ಯೆ ಎಂದು ಪಕ್ಕಪಕ್ಕ ನಿಂತಿದ್ದರೆ ಒತ್ತು ಮುರಿದಿದೆ.

ಫಾಂಟಿನ ತಪ್ಪಲ್ಲ ಇದು. ಫಾಂಟ್ ಫೈಲಿನಲ್ಲಿ ಒತ್ತಕ್ಷರದ ಆಕಾರ ಇದ್ದೇ ಇರುತ್ತದೆ. ಯಾವ ಅಕ್ಷರಗಳು ಸೇರಿದರೆ ಯಾವ ಆಕಾರ ಎಂದು ನೋಡಿ ಜೋಡಿಸುವ ಕೆಲಸ ಬೇರೆ, ಅದನ್ನು ಹಾರ್ಫ್‌ಬಜ್‌ನಂಥ ತಂತ್ರಾಂಶ ಮಾಡುತ್ತದೆ. ಚಿತ್ರ ಬರೆಯುವ ಆಜ್ಞೆ ಅದನ್ನು ಕೇಳದೇ ಅಕ್ಷರಗಳನ್ನು ಬಿಡಿಬಿಡಿಯಾಗಿ ಇಟ್ಟರೆ ಹೀಗಾಗುತ್ತದೆ. ಬೇರೆ ಫಾಂಟ್ ಹಾಕಿಕೊಳ್ಳಲು ಎಲ್ಲರೂ ಶಿಫಾರಸು ಮಾಡುವ ಶೋಟೆಕ್ಸ್ಟ್ ಪ್ಯಾಕೇಜಿನಲ್ಲೂ (ಪ್ಯಾಕೇಜ್ ಅಂದರೆ ಆರ್‌ಗೆ ಮೇಲಿಂದ ಸೇರಿಸಿಕೊಳ್ಳುವ ಆಜ್ಞೆಗಳ ಕಟ್ಟು) ಇದೇ ಗತಿ. ಇಂಗ್ಲಿಷಿಗೆ ಸೊಗಸು, ನಮಗೆ ಅಲ್ಲ.

ನನಗೆ ಕೆಲಸ ಮಾಡಿದ್ದು ರ್‍ಯಾಗ್ ಎಂಬ ಪ್ಯಾಕೇಜ್. ಹಾರ್ಫ್‌ಬಜ್ ಅದರ ಜೊತೆಗೇ ಬರುತ್ತದೆ. ಕಂಪ್ಯೂಟರಿನಲ್ಲಿರುವ ಫಾಂಟ್‌ಗಳನ್ನು ತಾನೇ ಹುಡುಕಿಕೊಳ್ಳುತ್ತದೆ. ಇನ್‌ಸ್ಟಾಲ್.ಪ್ಯಾಕೇಜಸ್ ಆಜ್ಞೆಯಲ್ಲಿ ಒಮ್ಮೆ ಹಾಕಿಕೊಂಡರೆ ಆಯಿತು. ಆರ್‌ಸ್ಟುಡಿಯೋದ ಗ್ಲೋಬಲ್ ಆಪ್ಷನ್ಸ್‌ನಲ್ಲಿ ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ ಬ್ಯಾಕೆಂಡ್ ಅನ್ನು ಎಜಿಜಿ ಮಾಡಿದರೆ ಪರದೆಯಲ್ಲೂ ಒತ್ತಕ್ಷರ ಸರಿಯಾಗುತ್ತದೆ. ಲಿನಕ್ಸ್ ಬಳಸುವವರಿಗೆ ಕೈರೋ ಪಿಡಿಎಫ್ ಎಂಬ ಇನ್ನೊಂದು ದಾರಿಯೂ ಇದೆ. ಅಲ್ಲಿ ಪ್ಯಾಂಗೋ ಎಂಬ ತಂತ್ರಾಂಶ ಈ ಜೋಡಣೆಯನ್ನು ನೋಡಿಕೊಳ್ಳುತ್ತದೆ.

ಫಾಂಟ್ ನೋಟೋ ಸ್ಯಾನ್ಸ್ ಕನ್ನಡ ಇಟ್ಟುಕೊಂಡೆ. ವಿಂಡೋಸ್‌ನಲ್ಲಿ ಮೊದಲೇ ಇರುವ ನಿರ್ಮಲಾ ಯುಐ ಕೂಡ ನಡೆಯುತ್ತದೆ. ಅಕ್ಕ ಕಳಿಸಿದ್ದ ಕೆಳಟಿಪ್ಪಣಿ ಮಾತ್ರ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪಾಗಿತ್ತು. ಅದನ್ನು ಎಲ್ಲಿಗೆ ಅಂಟಿಸಿದರೂ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. ಅಂಥದ್ದನ್ನು ಯೂನಿಕೋಡ್‌ಗೆ ಬದಲಾಯಿಸಿಕೊಂಡೇ ತರಬೇಕು. ಎರಡೇ ಸಾಲಾದರೆ ಹೊಸದಾಗಿ ಟೈಪ್ ಮಾಡುವುದು ಬೇಗ.

ನಿಂತ ಗೆರೆಯ ಪಕ್ಕ ಆರ್ ಹೆಸರನ್ನು ಮಲಗಿಸಿ ಬರೆಯುತ್ತದೆ. ಇಂಗ್ಲಿಷಿನಲ್ಲಿ ಹೇಗೋ ಓದಬಹುದು. ಕನ್ನಡದಲ್ಲಿ ಮೇಲೊಂದು ಗುಣಿತ, ಕೆಳಗೊಂದು ಒತ್ತು ಇರುವ ಪದವನ್ನು ಅಡ್ಡ ಮಲಗಿಸಿದರೆ ಓದಲು ಹಿಂಸೆ. ಅದಕ್ಕೇ ಆ ಹೆಸರನ್ನು ತೆಗೆದು, ನಿಂತ ಗೆರೆಯ ನೆತ್ತಿಯಲ್ಲಿ ನೇರವಾಗಿ ಬರೆಸಿದೆ:

ಎಂಟೆಕ್ಸ್ಟ್("ಲಕ್ಷಗಳಲ್ಲಿ", ಸೈಡ್ = 3, ಎಡಿಜೆ = 0)

ಎರಡು ಸಾಲಿನ ಶೀರ್ಷಿಕೆ ಕೊಟ್ಟಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ಉಜ್ಜುತ್ತದೆ. ಪಾರ್ ಆಜ್ಞೆಯಲ್ಲಿ ಎಲ್‌ಹೈಟ್ ಅನ್ನು 1.3 ಮಾಡಿದರೆ ಸಾಲುಗಳ ನಡುವೆ ಅಂತರ ಬರುತ್ತದೆ.

ಅಂಕಿಗಳೂ ಕನ್ನಡದಲ್ಲೇ ಇರಲಿ ಎಂದಳು ಅಕ್ಕ. ಇದು ಕಷ್ಟವಾಗಬಹುದು ಎಂದುಕೊಂಡಿದ್ದೆ, ತೀರಾ ಸುಲಭವಾಯಿತು. ಸಿಎಚ್‌ಎಆರ್‌ಟಿಆರ್ ಎಂಬ ಆಜ್ಞೆ ಒಂದು ಅಕ್ಷರದ ಬದಲು ಇನ್ನೊಂದನ್ನು ಇಡುತ್ತದೆ:

ಅಂಕಿ <- ಸಿಎಚ್‌ಎಆರ್‌ಟಿಆರ್("0123456789", "೦೧೨೩೪೫೬೭೮೯", ವರ್ಷ)
ಆಕ್ಸಿಸ್(1, ಅಟ್ = ವರ್ಷ, ಲೇಬಲ್ಸ್ = ಅಂಕಿ)

1951 ಇದ್ದದ್ದು ೧೯೫೧ ಆಗುತ್ತದೆ. ಟೆಕ್ಸ್ಟ್‌ಗೆ ಕೊಡುವ ಸಂಖ್ಯೆಗಳಿಗೂ ಇದೇ. ನಿಂತ ಗೆರೆಗೆ ಮಾತ್ರ ಅಟ್ ಏನೆಂದು ನಾವೇ ಹೇಳಬೇಕು, 0, 100, 200 ಎಂದು 700ರವರೆಗೆ.

ಅಚ್ಚಿಗೆ

ಉಳಿಸುವ ಕ್ರಮ ಮೊದಮೊದಲು ಉಲ್ಟಾ ಅನ್ನಿಸುತ್ತದೆ. ಮೊದಲು ಫೈಲು ತೆರೆಯಬೇಕು, ಆಮೇಲೆ ಚಿತ್ರದ ಆಜ್ಞೆಗಳು, ಕೊನೆಗೆ ಮುಚ್ಚಬೇಕು:

ರ್‍ಯಾಗ್::ಎಜಿಜಿ_ಪಿಎನ್‌ಜಿ("ಜನ.ಪಿಎನ್‌ಜಿ", ವಿಡ್ತ್ = 16.5, ಹೈಟ್ = 11.7, ಯೂನಿಟ್ಸ್ = "ಇನ್", ರೆಸ್ = 300, ಪಾಯಿಂಟ್‌ಸೈಜ್ = 24)
ಪಾರ್(ಫ್ಯಾಮಿಲಿ = "ನೋಟೋ ಸ್ಯಾನ್ಸ್ ಕನ್ನಡ", ಎಂಎಫ್‌ರೋ = ಸಿ(1, 2))

ಇದಾದ ಮೇಲೆ ಗೆರೆಯ ಗ್ರಾಫಿನ ಸಾಲುಗಳು, ಕಂಬಗಳ ಸಾಲುಗಳು, ಕೊನೆಯಲ್ಲಿ ಡೆವ್.ಆಫ್(). ಎಂಎಫ್‌ರೋ ಕಾಗದವನ್ನು ಎಡ ಬಲ ಎರಡು ಭಾಗ ಮಾಡುತ್ತದೆ. ಎಡಕ್ಕೆ ಜನಸಂಖ್ಯೆ, ಬಲಕ್ಕೆ ಏರಿಕೆ. ಪಾರ್ ಸಾಲು ಫೈಲು ತೆರೆದ ನಂತರವೇ ಬರಬೇಕು. ಪ್ರತಿ ಫೈಲಿಗೂ, ಪರದೆಗೂ ಅದರದರ ಹೊಂದಿಕೆ ಬೇರೆ. ಮೊದಲೇ ಕೊಟ್ಟರೆ ಅದು ಪರದೆಗೆ ಹೋಗಿ ಸೇರುತ್ತದೆ, ಫೈಲಿನಲ್ಲಿ ಏನೂ ಬದಲಾಗುವುದಿಲ್ಲ. ಡೆವ್.ಆಫ್ ಒತ್ತಿದಾಗ "ನಲ್ ಡಿವೈಸ್ 1" ಎಂದು ಬಂದರೆ ಅದು ದೋಷವಲ್ಲ, ತೆರೆದಿದ್ದೆಲ್ಲ ಮುಚ್ಚಿತು ಎಂಬ ವರದಿ.

ಪಾಯಿಂಟ್‌ಸೈಜ್ ಹೇಳದಿದ್ದರೆ 12 ಇರುತ್ತದೆ. ಕೈಯಲ್ಲಿ ಹಿಡಿದು ಓದುವ ಹಾಳೆಗೆ ಅದು ಸರಿ. ಕೊನೆಯ ಬೆಂಚಿನಿಂದ ಓದಬೇಕಾದ ಎ3ಗೆ ಅಲ್ಲ. 24 ಮಾಡಿದರೆ ಅಕ್ಷರದ ಜೊತೆಗೆ ಅಂಚಿನ ಜಾಗವೂ ದುಪ್ಪಟ್ಟಾಗುತ್ತದೆ, ಏಕೆಂದರೆ ಅಂಚನ್ನು ಆರ್ ಅಕ್ಷರದ ಸಾಲುಗಳಲ್ಲಿ ಅಳೆಯುತ್ತದೆ. 4950 ಅಗಲ, 3510 ಎತ್ತರದ ಪಿಕ್ಸೆಲ್ ಚಿತ್ರ ಸಿಗುತ್ತದೆ. ಅಚ್ಚಿನ ಅಂಗಡಿಗೆ ಇದನ್ನೇ ಪೆನ್‌ಡ್ರೈವ್‌ನಲ್ಲಿ ಕೊಟ್ಟೆ. ಚಿತ್ರವಾಗಿ ಹೋದರೆ ಅವರ ಕಂಪ್ಯೂಟರಿನಲ್ಲಿ ಫಾಂಟ್ ಇದೆಯೋ ಇಲ್ಲವೋ ಎಂಬ ಚಿಂತೆಯೇ ಇಲ್ಲ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಕುಗ್ಗಿಸಿಬಿಡುತ್ತದೆ.

ಜಿಜಿಪ್ಲಾಟ್2 ಯಾಕೆ ಬಳಸಲಿಲ್ಲ ಎಂದು ಆರ್ ಬಲ್ಲವರು ಕೇಳಬಹುದು. ಹ್ಯಾಡ್ಲಿ ವಿಕಮ್ ಕಟ್ಟಿದ ಆ ಪ್ಯಾಕೇಜ್ ದೊಡ್ಡ ದತ್ತಾಂಶಕ್ಕೆ, ಗುಂಪು ಗುಂಪಾಗಿ ಹೋಲಿಸುವುದಕ್ಕೆ ನಿಜಕ್ಕೂ ಚೆಂದ. ಜಿಲ್ಲಾವಾರು ಗ್ರಾಫ್ ಬರೆಯುವಾಗ ಅಲ್ಲಿಗೇ ಹೋಗುತ್ತೇನೆ. ಆದರೆ ಏಳು ಚುಕ್ಕೆ, ಆರು ಕಂಬಕ್ಕೆ ಮೂಲ ಆಜ್ಞೆಗಳೇ ಸಾಕು. ಏನು ಬರೆದರೆ ಏನು ಮೂಡುತ್ತದೆ ಎಂದು ಸಾಲು ಸಾಲಾಗಿ ಕಾಣುವುದರಿಂದ ಕಲಿಯುವವರಿಗೂ ಹಗುರ.

ಫೈಲಿನಲ್ಲಿ ಒಂದು ತಿದ್ದುಪಡಿ ಈಗಲೇ ಮಾಡಿಟ್ಟಿದ್ದೇನೆ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಎಂದು ಗೊತ್ತುಮಾಡಿದ್ದಾರೆ. ಅಂದರೆ ಕೊನೆಯ ಅಂತರ ಹತ್ತಲ್ಲ, ಹದಿನಾರು ವರ್ಷ. ಈಗಿನ ಏರಿಕೆಯ ಸಾಲಿಗೆ ಆ ಸಂಖ್ಯೆ ಸೇರಿಸಿದರೆ ಹದಿನಾರು ವರ್ಷದ ಬೆಳವಣಿಗೆ ಹತ್ತು ವರ್ಷದ ಕಂಬಗಳ ಪಕ್ಕ ನಿಂತು, ವೇಗ ಮತ್ತೆ ಏರಿತೇನೋ ಎಂಬ ಸುಳ್ಳು ಚಿತ್ರ ಕೊಡಬಹುದು. ಅದಕ್ಕೆ ವರ್ಷದ ದರಕ್ಕೆ ಇಳಿಸುವ ಸಾಲು:

ದರ <- ((ಟೇಲ್(ಜನ, -1) / ಹೆಡ್(ಜನ, -1)) ^ (1 / ಡಿಫ್(ವರ್ಷ)) - 1) * 100

ಡಿಫ್(ವರ್ಷ) ಪ್ರತಿ ಅಂತರ ಎಷ್ಟು ವರ್ಷದ್ದು ಎಂದು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಈಗಿನ ಅಂಕಿಗಳಿಗೆ ಇದು 1971-81ಕ್ಕೆ ವರ್ಷಕ್ಕೆ ಶೇ 2.4, 2001-11ಕ್ಕೆ ಶೇ 1.46 ಎಂದು ಕೊಡುತ್ತದೆ. ದಿಬ್ಬದ ಆಕಾರ ಅದೇ. ವೈಲಿಮ್‌ನ 700 ಕೂಡ ಆಗ ಸಾಲದೇ ಹೋಗಬಹುದು ಎಂದು ಅದರ ಜಾಗದಲ್ಲಿ ಮ್ಯಾಕ್ಸ್(ಲಕ್ಷ) * 1.15 ಹಾಕಿದ್ದೇನೆ.